ದುಡ್ಡಿಲ್ಲದೆ ಮತ ಕೇಳೋದು ಹೇಗೆ?

ಅಕ್ಕಂದಿರೇ, ಮೊದಲು ಒಂದು ಚೀಟಿಯ ಕತೆ ಹೇಳ್ತೀನಿ.

2020ನೇ ಇಸವಿ, ಡಿಸೆಂಬರ್ 30. ಗ್ರಾಮ ಪಂಚಾಯ್ತಿ ಚುನಾವಣೆಯ ಮತ ಎಣಿಕೆ ದಿನ. ನನ್ನನ್ನು ತಾಲ್ಲೂಕು ಕೇಂದ್ರದಲ್ಲಿ ಎಣಿಕೆ ಕೆಲಸಕ್ಕೆ ಹಾಕಿದ್ದರು. ಶಾಲೆ ಟೀಚರುಗಳಿಗೆ ಈ ಕೆಲಸ ತಪ್ಪಿದ್ದಲ್ಲ. ಮುಖಕ್ಕೆ ಮಾಸ್ಕು, ಮುಂದೆ ಚೀಟಿಗಳ ರಾಶಿ. ಒಂದೊಂದೇ ಬಿಡಿಸಿ ನೋಡಬೇಕು. ಗುರುತಿನ ಪ್ರಕಾರ ಬೇರೆ ಬೇರೆ ಕಟ್ಟು ಕಟ್ಟಬೇಕು.

ಆಗ ಒಂದು ಚೀಟಿ ನನ್ನ ಕೈಗೆ ಬಂತು. ಹೊಲಿಗೆ ಯಂತ್ರದ ಗುರುತಿನ ಮೇಲೆ ಮುದ್ರೆ ಸರಿಯಾಗಿ ಬಿದ್ದಿತ್ತು. ಆದರೆ ಪಕ್ಕದಲ್ಲೇ ಪೆನ್ನಿನಲ್ಲಿ ಒಂದು ಸಹಿ ಇತ್ತು. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಒತ್ತಿ ಒತ್ತಿ ಬರೆದಿದ್ದರು. ಹೊಸದಾಗಿ ಬರೆಯಲು ಕಲಿತವರ ಕೈ ಅದು. ಇಂಥ ಅಕ್ಷರ ನಾನು ದಿನವೂ ನೋಡ್ತೀನಿ. ನನಗೆ ಗೊತ್ತಾಗದೆ ಇರುತ್ತಾ?

ಆ ಮತ ತಿರಸ್ಕಾರವಾಯಿತು. ಯಾರು ಹಾಕಿದ್ದು ಅಂತ ಗೊತ್ತಾಗುವ ಗುರುತು ಚೀಟಿಯ ಮೇಲೆ ಇರಬಾರದು. ಅದು ಕಾನೂನು. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಕಲಿತ ಆ ತಾಯಿ, ಖುಷಿಯಿಂದ ತನ್ನ ಹೆಸರು ಬರೆದಿದ್ದಳು. ಬರೆದದ್ದಕ್ಕೇ ಮತ ಹೋಯಿತು.

ಹೊಲಿಗೆ ಯಂತ್ರದ ಗುರುತಿನಲ್ಲಿ ನಿಂತಿದ್ದವರು ಒಬ್ಬ ಹೆಣ್ಣುಮಗಳು. ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರು ಮೂರು ಮತದಲ್ಲಿ ಸೋತರು. ತಿರಸ್ಕಾರವಾದ ಚೀಟಿಗಳಲ್ಲಿ ಅವರ ಗುರುತಿಗೆ ಮುದ್ರೆ ಬಿದ್ದಿದ್ದವೇ ಐದು ಇದ್ದವು.

ಸ್ವಲ್ಪ ದಿನ ಆದ ಮೇಲೆ, ಅವರ ಪರವಾಗಿ ಓಡಾಡಿದ್ದ ಹೆಂಗಸರನ್ನು ಮಾತಾಡಿಸಿದೆ. "ಎಂಟು ದಿನ ಕಾಲು ಊದೋ ಹಾಗೆ ತಿರುಗಿದ್ವಿ ಟೀಚರ್. ಎಲ್ಲರನ್ನೂ ಕೇಳಿಕೊಂಡ್ವಿ. ಆದರೆ ಮುದ್ರೆ ಹೇಗೆ ಒತ್ತೋದು ಅಂತ ಯಾರಿಗೂ ಹೇಳಿಕೊಡಲಿಲ್ಲ" ಅಂದರು.

ಅದಕ್ಕೇ ಈ ಪಾಠ ಬರೀತಾ ಇದ್ದೀನಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಸರ್ಕಾರಿ ಶಾಲೆ ಟೀಚರ್. ಇಂಥವರಿಗೆ ಮತ ಹಾಕಿ ಅಂತ ನಾನು ಹೇಳುವ ಹಾಗಿಲ್ಲ. ಯಾರ ಜೊತೆಗೂ ಮತ ಕೇಳಲು ಹೋಗುವ ಹಾಗಿಲ್ಲ. ಸರ್ಕಾರಿ ನೌಕರರಿಗೆಲ್ಲ ಇದೇ ಕಟ್ಟುಪಾಡು. ನಿಮ್ಮ ಜೊತೆ ಬರಲು ನಮ್ಮಂಥವರನ್ನು ಕರೆಯಬೇಡಿ. ಆದರೆ ಕೆಲಸ ಹೇಗೆ ಮಾಡಬೇಕು ಅಂತ ಹೇಳಬಹುದು. ಯಾವ ಕಡೆಯವರಿಗಾದರೂ ಇದು ಉಪಯೋಗಕ್ಕೆ ಬರುತ್ತೆ.

ಅರ್ಧ ಜಾಗ ನಮ್ಮದು

ನಮ್ಮ ರಾಜ್ಯದಲ್ಲಿ 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ನಡೆಯಿತು. ಆಗ ನೂರಕ್ಕೆ 25 ಜಾಗ ಹೆಂಗಸರಿಗೆ ಅಂತ ಇಟ್ಟಿದ್ದರು. 1993ರಲ್ಲಿ ಗ್ರಾಮ ಪಂಚಾಯ್ತಿಯ ಹೊಸ ಕಾನೂನು ಬಂತು. ಮೂರರಲ್ಲಿ ಒಂದು ಜಾಗ ನಮಗೆ ಸಿಕ್ಕಿತು. 2010ರಲ್ಲಿ ಕಾನೂನು ತಿದ್ದಿ ಅರ್ಧ ಜಾಗ ಮಾಡಿದರು. ಹಾಗಾಗಿ ಇವತ್ತಲ್ಲ ನಾಳೆ ನಿಮ್ಮ ಓಣಿಯಲ್ಲೂ ಒಬ್ಬ ಹೆಣ್ಣುಮಗಳು ಚುನಾವಣೆಗೆ ನಿಲ್ಲುತ್ತಾಳೆ. ಅದು ನಿಮ್ಮ ಓರಗಿತ್ತಿ ಇರಬಹುದು. ನಿಮ್ಮ ಗೆಳತಿ ಇರಬಹುದು. ನೀವೇ ಇರಬಹುದು.

ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಮೇಲೆ ನಡೆಯುವುದಲ್ಲ. ಪಕ್ಷದ ಚಿಹ್ನೆ ಕೊಡುವುದಿಲ್ಲ. ಆಟೋ, ಹೊಲಿಗೆ ಯಂತ್ರ, ಹೀಗೆ ಬೇರೆ ಗುರುತು ಕೊಡುತ್ತಾರೆ. ದೊಡ್ಡ ಪಕ್ಷ ಬೆನ್ನ ಹಿಂದೆ ಇಲ್ಲ ಅಂತ ನೀವು ಹೆದರಬೇಕಾಗಿಲ್ಲ.

ಕ್ಷೇತ್ರವೂ ಚಿಕ್ಕದು. ಊರಿನ 400 ಜನಕ್ಕೆ ಒಬ್ಬ ಸದಸ್ಯರು ಅನ್ನುವುದು ಲೆಕ್ಕ. ಇಬ್ಬರು ಸದಸ್ಯರ ವಾರ್ಡಿನಲ್ಲಿ ಮಕ್ಕಳೂ ಸೇರಿ ಸುಮಾರು 800 ಜನ ಇರುತ್ತಾರೆ. ಮನೆಗಳು ಎಷ್ಟು? ನೂರೈವತ್ತೋ ಇನ್ನೂರೋ ಇರಬಹುದು. ಹತ್ತು ಜನ ಹೆಂಗಸರು ಸೇರಿದರೆ ಒಬ್ಬೊಬ್ಬರಿಗೆ ಇಪ್ಪತ್ತು ಮನೆ. ಇದಕ್ಕೆ ಜೀಪು ಬೇಕಾ? ಮೈಕು ಬೇಕಾ?

ಮೊದಲ ಕೆಲಸ ಪಟ್ಟಿ ಓದೋದು

ಮತ ಕೇಳುವ ಕೆಲಸ ಗುರುತು ಸಿಕ್ಕ ದಿನ ಶುರುವಾಗುವುದಲ್ಲ. 2020ರ ಮೊದಲ ಹಂತದಲ್ಲಿ ನಾಮಪತ್ರ ವಾಪಸ್ ಪಡೆಯಲು ಡಿಸೆಂಬರ್ 14 ಕೊನೇ ದಿನ. ಮತದಾನ 22ಕ್ಕೆ. ನಡುವೆ ಎಂಟೇ ದಿನ. ಎಂಟು ದಿನದಲ್ಲಿ ಊರು ತಿರುಗಬಹುದು. ಆದರೆ ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಸೇರಿಸಲು ಆಗುವುದಿಲ್ಲ.

ಮತದಾರರ ಪಟ್ಟಿ ಪಂಚಾಯ್ತಿ ಕಚೇರಿಯಲ್ಲಿ ನೋಡಲು ಸಿಗುತ್ತೆ. ಬೂತ್ ಮಟ್ಟದ ಅಧಿಕಾರಿ ಅಂತ ಒಬ್ಬರು ಇರುತ್ತಾರೆ. ಹೆಚ್ಚಾಗಿ ಅವರು ಶಾಲೆ ಟೀಚರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಅವರ ಹತ್ತಿರವೂ ಪಟ್ಟಿ ಇರುತ್ತೆ. ಅದರಲ್ಲಿ ಕ್ರಮಸಂಖ್ಯೆ, ಹೆಸರು, ಗಂಡನ ಹೆಸರು ಅಥವಾ ತಂದೆ ಹೆಸರು, ಮನೆ ನಂಬರು, ವಯಸ್ಸು ಇಷ್ಟು ಇರುತ್ತೆ. ನೀವು ಓದಲು ಕಲಿತಿದ್ದೀರಿ. ಇದನ್ನೂ ಓದಬಲ್ಲಿರಿ. ಸಂಜೆ ಹೊತ್ತು ನಾಲ್ಕು ಜನ ಕೂತು, ಒಬ್ಬರು ಓದಿ, ಉಳಿದವರು ಕೇಳಿ. ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನೋದು ನಿಮಗೆ ಗೊತ್ತು. ತಾಲ್ಲೂಕು ಕಚೇರಿಯ ಸಾಹೇಬರಿಗೂ ಅಷ್ಟು ಗೊತ್ತಿರಲ್ಲ.

ಓದುತ್ತಾ ಹೋದ ಹಾಗೆ ಸಂಗತಿಗಳು ಹೊರಗೆ ಬರುತ್ತವೆ. ತೀರಿಕೊಂಡು ಮೂರು ವರ್ಷ ಆದವರ ಹೆಸರು ಇನ್ನೂ ಇರುತ್ತೆ. ಮದುವೆಯಾಗಿ ಹೋದ ಹೆಣ್ಣುಮಗಳ ಹೆಸರು ಇಲ್ಲೇ ಇರುತ್ತೆ. ನಮ್ಮೂರಿಗೆ ಬಂದ ಸೊಸೆಯ ಹೆಸರು ತವರಿನಲ್ಲೇ ಉಳಿದಿರುತ್ತೆ. ನಾನು ಪಟ್ಟಿ ಕೆಲಸಕ್ಕೆ ಮನೆ ಮನೆ ತಿರುಗಿದವಳು. ಗಂಡಸರ ಹೆಸರು ಅಷ್ಟಾಗಿ ತಪ್ಪುವುದಿಲ್ಲ. ಹುಟ್ಟಿದ ಮನೆಯಲ್ಲೇ ಇರುತ್ತಾರಲ್ಲ! ತಪ್ಪಿಹೋಗುವುದು ಸೊಸೆಯಂದಿರ ಹೆಸರೇ.

18 ವರ್ಷ ತುಂಬಿದವರ ಹೆಸರು ಹೊಸದಾಗಿ ಸೇರಿಸಲು ನಮೂನೆ 6 ಅನ್ನುವ ಅರ್ಜಿ ತುಂಬಬೇಕು. ತವರಿನ ಪಟ್ಟಿಯಿಂದ ಗಂಡನ ಊರಿನ ಪಟ್ಟಿಗೆ ಹೆಸರು ತರಲು ನಮೂನೆ 8. ಅರ್ಜಿ ಕೊಟ್ಟ ತಕ್ಷಣ ಹೆಸರು ಬರುವುದಿಲ್ಲ, ವಿಚಾರಣೆ ನಡೆಯುತ್ತೆ. ಆದ್ದರಿಂದ ಚುನಾವಣೆಗೆ ತಿಂಗಳುಗಟ್ಟಲೆ ಮುಂಚೆಯೇ ಕೊಡಿ.

ಕೂಲಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಪೇಟೆಗೆ ಹೋದವರು ಯಾರು ಯಾರು ಅಂತಲೂ ಬರೆದುಕೊಳ್ಳಿ. ಅವರ ಫೋನ್ ನಂಬರು ತಾಯಿ ಹತ್ತಿರ ಇರುತ್ತೆ. ಮತದಾನದ ಹಿಂದಿನ ದಿನ ಫೋನ್ ಮಾಡಿದರೆ ಪ್ರಯೋಜನ ಇಲ್ಲ. ರಜ ಕೇಳಿಕೊಂಡು ಬರಲು ಅವರಿಗೆ ಒಂದು ವಾರವಾದರೂ ಬೇಕು.

ಬಾಗಿಲಿಗೆ ಹೋದಾಗ

ಗುಂಪು ಕಟ್ಟಿಕೊಂಡು ಹೋಗಬೇಡಿ. ಹತ್ತು ಜನ ಬಾಗಿಲಲ್ಲಿ ನಿಂತರೆ ಒಳಗಿನ ಹೆಂಗಸು ಮಾತೇ ಆಡಲ್ಲ. "ಆಯ್ತು, ಹಾಕ್ತೀವಿ ಹೋಗಿ" ಅಂತಾಳೆ. ಮುಂದಿನ ಗುಂಪಿಗೂ ಅದನ್ನೇ ಅಂತಾಳೆ. ಇಬ್ಬರೋ ಮೂವರೋ ಹೋಗಿ. ಆ ಬೀದಿಯವರೇ ಒಬ್ಬರು ಜೊತೆಗಿರಲಿ.

ಹಾಲು ಕರೆಯೋ ಹೊತ್ತು ಬೇಡ. ಒಲೆ ಮೇಲೆ ಮುದ್ದೆಗೆ ಇಟ್ಟಾಗಲೂ ಬೇಡ. ಹೊಲದಿಂದ ಬಂದು ಕೈಕಾಲು ತೊಳೆದು ಕೂತಾಗ ಹೋಗಿ. ಅತ್ತೆ ಇರುವ ಮನೆಯಲ್ಲಿ ಮೊದಲು ಅತ್ತೆಯನ್ನು ಮಾತಾಡಿಸಿ. ಆಮೇಲೆ ಸೊಸೆಯನ್ನೂ ಮಾತಾಡಿಸಿ. ಮನೆ ಯಜಮಾನ ಹೂಂ ಅಂದರೆ ಮನೆಯ ನಾಲ್ಕು ಮತವೂ ಬಂತು ಅಂತ ತಿಳಿಯಬೇಡಿ. ಮುದ್ರೆ ಒತ್ತುವ ಜಾಗದಲ್ಲಿ ಒಬ್ಬೊಬ್ಬರೇ ಇರುತ್ತಾರೆ.

ಹೋದ ಕೂಡಲೇ "ನಮಗೆ ಮತ ಹಾಕಿ" ಅನ್ನಬೇಡಿ. "ನಿಮ್ಮ ಬೀದಿಗೆ ನೀರು ಬರ್ತಾ ಇದೆಯಾ ಅತ್ತೆ?" ಅಂತ ಕೇಳಿ. ಅವರು ಹೇಳಲಿ. ಬೀದಿ ದೀಪ, ಚರಂಡಿ, ನಲ್ಲಿ, ಇವೆಲ್ಲ ಪಂಚಾಯ್ತಿ ಕೆಲಸ. ಮನೆ ಕಟ್ಟಲು ಸಹಾಯ ಯಾರಿಗೆ ಅನ್ನುವ ಪಟ್ಟಿ ಗ್ರಾಮಸಭೆಯಲ್ಲಿ ಆಗಬೇಕು. ಹೇಳಿದ್ದನ್ನು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನೀವು ಬರೆಯುವುದನ್ನು ಅವರು ನೋಡುತ್ತಾರೆ. ಅವರ ಮಾತಿಗೆ ಬೆಲೆ ಇದೆ ಅಂತ ಅವರಿಗೆ ಅನ್ನಿಸುತ್ತೆ.

ಆಗದ ಕೆಲಸಕ್ಕೆ ಮಾತು ಕೊಡಬೇಡಿ. "ನಿಮ್ಮ ಮಗನಿಗೆ ಸರ್ಕಾರಿ ಕೆಲಸ ಕೊಡಿಸ್ತೀವಿ" ಅಂತ ಪಂಚಾಯ್ತಿ ಸದಸ್ಯೆ ಹೇಳಿದರೆ ಅದು ಸುಳ್ಳು. ಆಮೇಲೆ ಐದು ವರ್ಷ ಅದೇ ಬೀದಿಯಲ್ಲಿ ಅವರ ಮುಖ ನೋಡಬೇಕು.

ಚುನಾವಣೆಗೆ ನಿಂತವಳು ಪ್ರತಿ ಮನೆಗೂ ಒಂದು ಸಲವಾದರೂ ತಾನೇ ಹೋಗಲೇಬೇಕು. ಎಷ್ಟೋ ಕಡೆ ನಿಂತಿರೋದು ಹೆಂಡತಿ, ಕೈಮುಗಿಯೋದು ಗಂಡ. ಕರಪತ್ರದಲ್ಲಿ ಗಂಡನ ಫೋಟೊ ದೊಡ್ಡದು, ಹೆಂಡತಿಯದು ಅಂಚೆಚೀಟಿಯಷ್ಟು! ನನಗಂತೂ ಇದನ್ನು ನೋಡಿದರೆ ಸಿಟ್ಟು ಬರುತ್ತೆ. ಮಾತಾಡಲು ಹೆದರಿಕೆ ಇದ್ದರೆ ಸಂಘದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿಸಿ. ತನ್ನ ಹೆಸರು, ತನ್ನ ಗುರುತು, ತಾನು ಮಾಡುವ ಎರಡು ಕೆಲಸ. ಇಷ್ಟು ಹೇಳಿದರೆ ಸಾಕು. ಕರಪತ್ರ ಮಾಡಿಸಿದರೆ ಕೆಳಗೆ ಮುದ್ರಿಸಿದವರ ಹೆಸರು, ಪ್ರಕಟಿಸಿದವರ ಹೆಸರು ಮರೆಯದೆ ಹಾಕಿಸಿ.

ನೋಟ್‌ಬುಕ್ಕಿನಲ್ಲಿ ಮನೆ ನಂಬರಿನ ಪಕ್ಕ ಒಂದು ಗುರುತು ಮಾಡಿಕೊಳ್ಳಿ. ನಮ್ಮ ಕಡೆ ಗಟ್ಟಿಯಾಗಿರೋರಿಗೆ ಒಂದು ಗೆರೆ. ಇನ್ನೂ ಯೋಚನೆ ಮಾಡ್ತಾ ಇರೋರಿಗೆ ಒಂದು ಸೊನ್ನೆ. ಎರಡನೇ ಸಲ ಹೋಗಬೇಕಾದ್ದು ಸೊನ್ನೆ ಇರುವ ಮನೆಗೆ. ನಮ್ಮವರ ಮನೆಯಲ್ಲೇ ದಿನವೂ ಕಾಫಿ ಕುಡೀತಾ ಕೂತರೆ ಮತ ಹೆಚ್ಚಾಗಲ್ಲ. ಆ ನೋಟ್‌ಬುಕ್ಕು ಮಾತ್ರ ಜೋಪಾನ. ಬೇರೆಯವರ ಕೈಗೆ ಸಿಕ್ಕಿದರೆ ಊರಲ್ಲಿ ಜಗಳ.

ಎರಡು ಜಾಗ ಇದ್ದರೆ ಎರಡು ಮತ

ಇದನ್ನು ತುಂಬಾ ಜನ ತಿಳಿದುಕೊಂಡಿಲ್ಲ. ವಾರ್ಡಿನಲ್ಲಿ ಎಷ್ಟು ಸದಸ್ಯರನ್ನು ಆರಿಸಬೇಕೋ ಅಷ್ಟು ಮತ ನಿಮಗಿರುತ್ತೆ. ಇಬ್ಬರನ್ನು ಆರಿಸಬೇಕಾದರೆ ಎರಡು. ಮೂವರನ್ನಾದರೆ ಮೂರು. ಆದರೆ ಒಬ್ಬರಿಗೆ ಒಂದೇ.

ಮತ ಕೇಳುವವರಿಗೆ ಇದು ದೊಡ್ಡ ಅನುಕೂಲ. ಯಾರಾದರೂ ಹೀಗೆ ಹೇಳಬಹುದು: "ನಮ್ಮ ಭಾವನೇ ನಿಂತಿದ್ದಾರಮ್ಮ. ಅವರನ್ನ ಬಿಟ್ಟು ನಿಮಗೆ ಹೇಗೆ ಹಾಕ್ಲಿ?" ಆಗ ನೀವು ಹೀಗೆ ಹೇಳಿ: "ಅವರಿಗೂ ಹಾಕಿ ಅಕ್ಕ, ಬೇಡ ಅನ್ನಲ್ಲ. ನಿಮಗೆ ಇನ್ನೊಂದು ಮತ ಇದೆಯಲ್ಲ, ಅದನ್ನ ನಮ್ಮ ಹುಡುಗಿಗೆ ಕೊಡಿ." ನೆಂಟಸ್ತನವೂ ಉಳೀತು, ಮತವೂ ಬಂತು.

ಎರಡು ಜಾಗಕ್ಕೆ ಮೂರು ಮುದ್ರೆ ಒತ್ತಿದರೆ ಮಾತ್ರ ಮತ ಕೆಡುತ್ತೆ. ನಾನು ಹೇಳಿದ ಆ ಐದು ಚೀಟಿಗಳಲ್ಲಿ ಮೂರು ಹೀಗೇ ಕೆಟ್ಟಿದ್ದವು. ಯಾರ ಮನಸ್ಸನ್ನೂ ನೋಯಿಸಬಾರದು ಅಂತ ಬಂದವರಿಗೆಲ್ಲ ಮುದ್ರೆ ಒತ್ತಿದ್ದರೋ ಏನೋ.

ಬೆಂಡೆಕಾಯಿ ಮುದ್ರೆ

2020ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಾತ್ರ ಮತಯಂತ್ರ ಇಟ್ಟಿದ್ದರು. ಉಳಿದ ಕಡೆಯೆಲ್ಲ ಚೀಟಿ. ನಿಮ್ಮಲ್ಲಿ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಚೀಟಿ ಆದರೆ ಮನೆಯಲ್ಲೇ ಅಭ್ಯಾಸ ಮಾಡಿಸಬಹುದು.

ಹಳೇ ನೋಟ್‌ಬುಕ್ಕಿನ ಹಾಳೆ ತಗೊಳ್ಳಿ. ಅಡ್ಡಗೆರೆ ಹಾಕಿ ನಾಲ್ಕು ಮನೆ ಮಾಡಿ. ಒಂದೊಂದರಲ್ಲಿ ಒಂದೊಂದು ಚಿತ್ರ ಬರೀರಿ: ಬದನೆಕಾಯಿ, ಮೂಲಂಗಿ, ಈರುಳ್ಳಿ, ಟೊಮೆಟೊ. ನಿಜವಾದ ಗುರುತು ಬೇಡ. ಬೆಂಡೆಕಾಯಿ ಅಡ್ಡಕ್ಕೆ ಕತ್ತರಿಸಿ, ಕುಂಕುಮದ ನೀರಿಗೆ ಅದ್ದಿ. ಈಗ ಒತ್ತಿ ಅನ್ನಿ.

ಮೊದಲ ಸಲ ಹೆಚ್ಚಿನವರು ಎರಡು ಮನೆಗಳ ನಡುವಿನ ಗೆರೆಯ ಮೇಲೇ ಒತ್ತುತ್ತಾರೆ. ಎಲ್ಲರೂ ನಗುತ್ತಾರೆ. ನಗಲಿ. ಗೆರೆ ಮೇಲೆ ಬಿದ್ದ ಮುದ್ರೆ ಯಾರಿಗೆ ಅಂತ ಹೇಳಲು ಆಗದಿದ್ದರೆ ಆ ಮತ ಯಾರಿಗೂ ಇಲ್ಲ. ಚಿತ್ರದ ಮೇಲೇ ಒತ್ತಬೇಕು. ಆಮೇಲೆ ಹಾಳೆ ಮಡಚಿ, ಮತ್ತೆ ಬಿಡಿಸಿ ನೋಡಿ. ಒದ್ದೆ ಮುದ್ರೆ ಎದುರಿಗಿನ ಮನೆಗೂ ಅಂಟಿರುತ್ತೆ. ಬೂತಿನಲ್ಲಿ ಅಧಿಕಾರಿ ಚೀಟಿಯನ್ನು ಮಡಚಿ ತೋರಿಸಿ ಕೊಡುತ್ತಾರೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅವರು ಹೇಗೆ ಮಡಚಿದ್ದರೋ ಹಾಗೇ ಮಡಚಿ ಪೆಟ್ಟಿಗೆಗೆ ಹಾಕಬೇಕು.

ಸಹಿ ವಿಷಯ ಬಿಡಿಸಿ ಹೇಳಿ. ಚೀಟಿ ಕೊಡುವ ಮುಂಚೆ ಅಧಿಕಾರಿ ಸಹಿ ಮಾಡಿ ಅಂತಾರೆ. ಅವರು ತೋರಿಸಿದ ಜಾಗದಲ್ಲಿ ಚೆನ್ನಾಗಿ ಸಹಿ ಮಾಡಿ. ನಿಮ್ಮ ಸಹಿಯ ಜಾಗ ಅದು. ಚೀಟಿ ಕೈಗೆ ಬಂದ ಮೇಲೆ ಪೆನ್ನು ಮುಟ್ಟಬೇಡಿ. ಹೆಬ್ಬೆಟ್ಟೂ ಒತ್ತಬೇಡಿ. ಅಲ್ಲಿ ಇಟ್ಟಿರುವ ಮುದ್ರೆ ಮಾತ್ರ.

ಸೀರೆ, ದುಡ್ಡು, ಆಣೆ

ಮತಕ್ಕೆ ದುಡ್ಡು ಕೊಡುವುದೂ ಅಪರಾಧ, ತಗೊಳ್ಳುವುದೂ ಅಪರಾಧ. ಒಂದು ವರ್ಷದವರೆಗೆ ಜೈಲು ಆಗಬಹುದು. ಕೇಸು ಆಗುವುದು ಅಪರೂಪ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಎದುರಿನವರು ಹಂಚಿದರು ಅಂತ ನೀವೂ ಸಾಲ ಮಾಡಿ ಹಂಚಲು ಹೋಗಬೇಡಿ. ಆ ಸಾಲ ತೀರಿಸಲು ಗೆದ್ದ ಮೇಲೆ ಕಳ್ಳದಾರಿ ಹಿಡಿಯಬೇಕಾಗುತ್ತೆ. ಸಂಘದ ಉಳಿತಾಯದ ದುಡ್ಡನ್ನಂತೂ ಮುಟ್ಟಲೇಬೇಡಿ. ಸಂಘದಲ್ಲಿ ಎಲ್ಲರೂ ಒಂದೇ ಕಡೆ ಇರಬೇಕು ಅಂತಲೂ ಇಲ್ಲ. "ನೀನು ನಮ್ಮ ಕಡೆ ಬರದಿದ್ದರೆ ಸಾಲ ಇಲ್ಲ" ಅಂದರೆ ಚುನಾವಣೆ ಮುಗಿದ ಮೇಲೆ ಸಂಘವೇ ಇರಲ್ಲ.

ಇನ್ನು ಆಣೆ. ಎಲೆ ಅಡಿಕೆ ಮುಟ್ಟಿಸಿ, ದೇವರ ಮೇಲೆ ಪ್ರಮಾಣ ಮಾಡಿಸಿಕೊಂಡು ಹೋಗುವವರು ಇದ್ದಾರೆ. ಮತ ಹಾಕದಿದ್ದರೆ ದೇವರು ನೋಡ್ಕೋತಾನೆ ಅಂತ ಹೆದರಿಸುವುದು ಕಾನೂನಿನ ಪ್ರಕಾರ ತಪ್ಪು. ಜಾತಿ ಹೆಸರಲ್ಲಿ, ಧರ್ಮದ ಹೆಸರಲ್ಲಿ ಮತ ಕೇಳುವುದೂ ತಪ್ಪು. ಹಾಗೆ ಆಣೆ ಇಟ್ಟು ಹೆದರಿ ಕೂತ ಅಜ್ಜಿ ಸಿಕ್ಕಿದರೆ ವಾದ ಮಾಡಬೇಡಿ. ಮರೆಯಲ್ಲಿ ಒತ್ತುವ ಮುದ್ರೆ ಯಾರಿಗೂ ಕಾಣುವುದಿಲ್ಲ ಅಂತ ಮಾತ್ರ ಹೇಳಿ ಬನ್ನಿ.

ಮತದಾನದ ದಿನ

ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಿಸಬೇಕು. ಮತದಾನದ ದಿನ ಮತಗಟ್ಟೆಯಿಂದ 100 ಮೀಟರ್ ಒಳಗೆ ಮತ ಕೇಳುವಂತಿಲ್ಲ. ಮತದಾರರನ್ನು ಬಾಡಿಗೆ ಆಟೋದಲ್ಲಿ ತುಂಬಿಕೊಂಡು ಬರುವುದೂ ತಪ್ಪು. ಕಾಲು ಬಾರದ ಅಜ್ಜಿಯನ್ನು ಅವರ ಮನೆಯವರೇ ಕರೆದುಕೊಂಡು ಬರಲಿ ಅಂತ ಮೊದಲೇ ಹೇಳಿಡಿ. ಕಣ್ಣು ಕಾಣದವರು, ಕೈಯಲ್ಲಿ ಶಕ್ತಿ ಇಲ್ಲದವರು 18 ತುಂಬಿದ ಒಬ್ಬರನ್ನು ಜೊತೆಗೆ ಒಳಗೆ ಕರೆದುಕೊಂಡು ಹೋಗಬಹುದು.

2020ರಲ್ಲಿ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಮತದಾನ ಇತ್ತು. ಕೂಲಿಗೆ ಹೋಗುವವರು ಬೆಳಿಗ್ಗೆಯೇ ಹಾಕಿ ಹೋಗಲಿ. ಸಂಜೆ ಬಂದು ಹಾಕ್ತೀನಿ ಅಂದವರು ಎಷ್ಟೋ ಜನ ಬರುವುದೇ ಇಲ್ಲ.

ಮತಗಟ್ಟೆ ಒಳಗೆ ನಿಮ್ಮ ಅಭ್ಯರ್ಥಿ, ಅಂದರೆ ಚುನಾವಣೆಗೆ ನಿಂತವರು, ಒಬ್ಬ ಏಜೆಂಟರನ್ನು ಕೂರಿಸಬಹುದು. ಸಾಮಾನ್ಯವಾಗಿ ಯಾರೋ ಹುಡುಗನನ್ನು ಕೂರಿಸುತ್ತಾರೆ. ನೀವೇ ಕೂತುಕೊಳ್ಳಿ. ಶುರುವಿಗೆ ಮುಂಚೆ ಪೆಟ್ಟಿಗೆ ಖಾಲಿ ಇದೆ ಅಂತ ತೋರಿಸುತ್ತಾರೆ, ನೋಡಿ. ಪಟ್ಟಿ ಮುಂದಿಟ್ಟುಕೊಂಡು ಬಂದವರ ಹೆಸರಿಗೆ ಗೆರೆ ಹಾಕುತ್ತಾ ಹೋಗಿ. ತೀರಿಹೋದವರ ಹೆಸರಲ್ಲಿ ಯಾರಾದರೂ ಬಂದರೆ ನಿಮಗೆ ಗೊತ್ತಾಗುತ್ತೆ. ಜೋರಾಗಿ ಕೂಗಾಡಬೇಡಿ. ಎದ್ದು ನಿಂತು ಅಧಿಕಾರಿಗೆ ಹೇಳಿ. ಇದಕ್ಕೆ ಕೆಲವು ಅಕ್ಷರ, ಕೆಲವು ಅಂಕಿ ಓದಲು ಬಂದರೆ ಸಾಕು. ನಿಮಗೆ ಅದು ಬರುತ್ತೆ.

ಎಣಿಕೆ ಮೇಜಿನ ಹತ್ತಿರವೂ ನಿಮ್ಮ ಕಡೆಯವರು ಒಬ್ಬರು ಇರಲಿ. ತಿರಸ್ಕಾರ ಮಾಡಿದ ಚೀಟಿಯನ್ನು ಯಾಕೆ ಮಾಡಿದಿರಿ ಅಂತ ಕೇಳಬಹುದು. ಅಂತರ ಕಡಿಮೆ ಇದ್ದು ಅನುಮಾನ ಬಂದರೆ, ಫಲಿತಾಂಶ ಹೇಳುವ ಮುಂಚೆಯೇ ಮರು ಎಣಿಕೆ ಬೇಕು ಅಂತ ಕಾಗದದಲ್ಲಿ ಬರೆದು ಕೊಡಬೇಕು. ಬಾಯಲ್ಲಿ ಹೇಳಿದರೆ ನಡೆಯಲ್ಲ. ಇಬ್ಬರಿಗೂ ಸಮ ಸಮ ಮತ ಬಂದರೆ ಚೀಟಿ ಎತ್ತಿ ತೀರ್ಮಾನ ಮಾಡುತ್ತಾರೆ.

ಮೂರು ಮತದಲ್ಲಿ ಸೋತ ಆ ಅಕ್ಕನ ಕಡೆಯವರಿಗೆ ಹೀಗೆ ಬರೆದು ಕೊಡಬಹುದು ಅಂತಲೇ ಗೊತ್ತಿರಲಿಲ್ಲ. ಸುಮ್ಮನೆ ಬಸ್ಸು ಹತ್ತಿ ಊರಿಗೆ ಹೋದರು. ಈಗ ಅವರ ಸಂಘದಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಮತದಾರರ ಪಟ್ಟಿ ಓದುತ್ತಾರೆ. ಹೋದ ಸಲ ನಾನು ಹೋದಾಗ ಮೂವರು ಸೊಸೆಯಂದಿರು ನಮೂನೆ 8 ತುಂಬುತ್ತಾ ಕೂತಿದ್ದರು. ಅಂದ ಹಾಗೆ, ಬೆಂಡೆಕಾಯಿ ಮುದ್ರೆ ನನ್ನ ಉಪಾಯ ಅಲ್ಲ. ಅದನ್ನು ನನಗೆ ತೋರಿಸಿಕೊಟ್ಟವರು ಅವರೇ.